ಮೋಲ್ಡಿನ ದಿನದ ಹೋಳಿಗೆ

ನನಗೆ ಮಾತಾಡಲು ಬರುತ್ತದೆ ಎಂಬುದಕ್ಕೆ ದಾಖಲೆ ಇದೆ. ಚೌಕಟ್ಟು ಹಾಕಿಸಿದ ಸರ್ಟಿಫಿಕೇಟು. ಕಟ್ಟಡ ಕಟ್ಟಿಸುವ ಮ್ಯಾನೇಜರುಗಳಿಗೆ ನಾಯಕತ್ವ ಮತ್ತು ಮಾತಿನ ಕಲೆ ಕಲಿಸಬೇಕೆಂದು ನಮ್ಮ ಕಂಪನಿಯವರು ತುಮಕೂರಿನ ಒಂದು ಹೋಟೆಲಿನ ಏಸಿ ಹಾಲಿನಲ್ಲಿ ಎರಡು ದಿನ ಕೂರಿಸಿ, ಕೊನೆಗೆ ಕೈಕುಲುಕಿ ಕೊಟ್ಟದ್ದು. ಕಲಿಸಿದವರು ಟೈ ಕಟ್ಟಿದ ಮನುಷ್ಯ. ಅವರ ಬೂಟಿನ ಮೇಲೆ ಸಿಮೆಂಟಿನ ಒಂದು ಚುಕ್ಕೆಯೂ ಇರಲಿಲ್ಲ, ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ಅಲ್ಲಿ ನಾಟಕದಂಥ ಒಂದು ಆಟ ಆಡಿಸಿದರು. ಸಿಟ್ಟಾದ ಗಿರಾಕಿಯನ್ನು ಸಮಾಧಾನ ಮಾಡುವ ಮ್ಯಾನೇಜರನ ಪಾತ್ರದಲ್ಲಿ ನನಗೆ ಮೊದಲ ಬಹುಮಾನ ಬಂತು. ಸಿಟ್ಟಾದ ಗಿರಾಕಿಯಾಗಿದ್ದವನು ನಮ್ಮ ಆಫೀಸಿನ ಅಕೌಂಟೆಂಟು. ಅವನಿಗೆ ಹುಟ್ಟಿದಾಗಿನಿಂದ ಸಿಟ್ಟೇ ಬಂದಿಲ್ಲ.

ಸರ್ಟಿಫಿಕೇಟನ್ನು ಮನೆಗೆ ತಂದು ಹೆಂಡತಿಗೆ ತೋರಿಸಿದೆ.

"ಬೇರೆಯವರು ಹೇಳಿದ್ದನ್ನ ಕೇಳಿಸ್ಕೊಳ್ಳೋದೂ ಕಲಿಸಿದ್ರಾ?" ಎಂದಳು.

"ಮುಖ್ಯವಾಗಿ ಅದೇ ಕಲಿಸಿದ್ದು."

"ಹಂಗಾದ್ರೆ ಹೋದ ವಾರದಿಂದ ಗ್ಯಾಸ್ ಬುಕ್ ಮಾಡಿ ಅಂತಾ ಇದೀನಲ್ಲ, ಅದು ಯಾವಾಗ ಕೇಳುಸ್ತದೆ?"

ಅವಳಿಗೆ ಇಂಥ ಸೂಕ್ಷ್ಮಗಳು ಅರ್ಥವಾಗುವುದಿಲ್ಲ ಅಂದುಕೊಂಡು ಸರ್ಟಿಫಿಕೇಟನ್ನು ಸೈಟಿನ ತಗಡಿನ ಆಫೀಸಿಗೆ ಒಯ್ದು ನೇತುಹಾಕಿದೆ.

ಆಗ ನಾನು ಕಟ್ಟಿಸುತ್ತಿದ್ದದ್ದು ದಬ್ಬೇಘಟ್ಟದ ಕಡೆ ಒಂದು ಊರಿನ ಸಮುದಾಯ ಭವನ. ಅದಕ್ಕೆ ಮುಂಚೆ ಕಂಪನಿಯ ಸ್ಟೋರು ನೋಡಿಕೊಳ್ಳುತ್ತಿದ್ದೆ. ಸ್ಟೋರಿನಲ್ಲಿ ಮಾತಿನ ಕೆಲಸವಿಲ್ಲ, ಸಿಮೆಂಟು ಚೀಲ ಎದುರು ಮಾತಾಡುವುದಿಲ್ಲ. ಪೂರ್ತಿ ನನ್ನ ಕೈಗೆ ಬಂದ ಮೊದಲ ಸೈಟು ಇದು. ಕೆಟ್ಟರೆ ವಾಪಸು ಸ್ಟೋರಿಗೆ ಎಂದು ಮೇಲಿನವರು ನಗುನಗುತ್ತಲೇ ಹೇಳಿದ್ದರು.

ಭವನಕ್ಕೆ ಜಾಗ ಕೊಟ್ಟವರು ಆ ಊರಿನ ಹಿರಿಯರೊಬ್ಬರು. ಭವನದ ಕಮಿಟಿಗೂ ಅವರೇ ಅಧ್ಯಕ್ಷರು. ಊರೆಲ್ಲ ಅವರನ್ನು ಯಜಮಾನರು ಎನ್ನುತ್ತಿತ್ತು. ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗ, ಊರ ಮಗ್ಗುಲಲ್ಲೇ ದೊಡ್ಡ ತೆಂಗಿನ ತೋಟ. ಅವರ ಮನೆಯ ಅಟ್ಟದ ಮೇಲೆ ವರ್ಷದ ಕಾಯಿ ಕೊಬ್ಬರಿಯಾಗಲು ಬಿದ್ದಿರುತ್ತಿತ್ತು. ಮಾತಿನ ಮಧ್ಯೆ ಎದ್ದುಹೋಗಿ ಒಂದು ಕಾಯಿ ತಂದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಸದ್ದು ಬಂತೇ ಎಂದು ಕೇಳಿ, ಪಕ್ಕಕ್ಕಿಟ್ಟು ಮತ್ತೆ ಮಾತು ಮುಂದುವರಿಸುವರು. ನನ್ನ ಮಾತನ್ನೂ ಹಾಗೇ ಅಲ್ಲಾಡಿಸಿ ನೋಡುತ್ತಿದ್ದಾರೆ ಎಂದು ನನಗೆ ಒಳಗೊಳಗೇ ಹೆದರಿಕೆ. ಸದ್ದೇನೋ ಧಾರಾಳವಾಗಿ ಬರುತ್ತಿತ್ತು.

ಪಾಯ ತೆಗೆಯುವ ದಿನವೇ ಅವರು ಹೇಳಿದ್ದರು: "ನೋಡಪ್ಪಾ, ಇದು ನಮ್ಮ ಹಿರೀಕರ ಜಾಗ. ಇಲ್ಲಿ ಬಾಡು ಬೇಯಬಾರ್ದು, ಕುಡಿತ ಇರಬಾರ್ದು. ಇಷ್ಟೇ ನಾನು ಕೇಳೋದು."

"ಯಜಮಾನ್ರೇ, ಇಲ್ಲಿ ಒಂದು ಮೊಟ್ಟೆನೂ ಒಡೆಯಲ್ಲ," ಎಂದೆ. ಎದೆ ಮುಟ್ಟಿಕೊಂಡು ಹೇಳಿದೆ. ಹಾಗೆ ಮುಟ್ಟಿಕೊಳ್ಳಬೇಕೆಂದು ಹೋಟೆಲಿನಲ್ಲಿ ಕಲಿಸಿದ್ದರು.

ಟೈ ಕಟ್ಟಿದವರು ಹೇಳಿದ್ದು, ಕೇಳುವವನಿಗೆ ತಿಳಿಯುವ ಹಾಗೆ ಹೇಳಿ ಎಂದು. ನಾನು ಕಲಿತು ಬಂದದ್ದು, ಕೇಳುವವನಿಗೆ ಹಿತವಾಗುವ ಹಾಗೆ ಹೇಳಿ ಎಂದು. ಎರಡಕ್ಕೂ ಇರುವ ವ್ಯತ್ಯಾಸ ನನಗೆ ಹೊಳೆದದ್ದು ಮೋಲ್ಡಿನ ದಿನ.

ಮೋಲ್ಡು ಎಂದರೆ ಕಟ್ಟಡಕ್ಕೆ ಕಾಂಕ್ರೀಟಿನ ತಾರಸಿ ಹಾಕುವುದು. ಹಾಕಲು ಶುರು ಮಾಡಿದರೆ ಮುಗಿಯುವವರೆಗೆ ನಿಲ್ಲಿಸುವ ಹಾಗಿಲ್ಲ. ಅರ್ಧದಲ್ಲಿ ನಿಂತರೆ ಹಾಕಿದ್ದು ಬಿಗಿದುಕೊಂಡು, ಆಮೇಲೆ ಹಾಕಿದ್ದು ಅದಕ್ಕೆ ಕೂಡದೆ, ಆ ಗೆರೆಯಲ್ಲಿ ಮಳೆಗಾಲದುದ್ದಕ್ಕೂ ನೀರು ತೊಟ್ಟಿಕ್ಕುತ್ತದೆ. ಹೀಗಾಗಿ ಅವತ್ತು ಕೆಲಸದವರು ಸೊಂಟ ಮುರಿಯುವ ಹಾಗೆ ದುಡಿಯುತ್ತಾರೆ, ಅವತ್ತು ಅವರಿಗೆ ಬಾಡೂಟ. ಇದನ್ನು ಯಾರೂ ಕಾಗದದ ಮೇಲೆ ಬರೆಯುವುದಿಲ್ಲ. ಆದರೆ ಬಾಡಿಲ್ಲದ ಮೋಲ್ಡು ನಮ್ಮ ಸೀಮೆಯಲ್ಲಿ ತಾಳಿಯಿಲ್ಲದ ಮದುವೆ ಇದ್ದ ಹಾಗೆ. ನಾನು ಹೊರಗಿನವನಾಗಿದ್ದರೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ನಾನು ಹಂದನಕೆರೆ ಕಡೆಯವನು. ಮೋಲ್ಡು ಎಂದರೆ ಕಂಬಿಗಿಂತ ಮುಂಚೆ ಮಸಾಲೆಯ ವಾಸನೆ ನೆನಪಾಗುವ ಪೈಕಿ.

ಕಾಂಕ್ರೀಟು ಹಾಕುವ ತಂಡಕ್ಕೆ ಒಬ್ಬ ಹೆಂಗಸು ಮೇಸ್ತ್ರಿ. ಗಂಡ ಮೇಸ್ತ್ರಿಯಾಗಿದ್ದ. ಸೊಂಟದ ಆಪರೇಷನ್ ಆಗಿ ಅವನು ಮನೆ ಹಿಡಿದ ಮೇಲೆ ಈಕೆ ತಂಡವನ್ನು ತನ್ನ ಕೈಗೆ ತೆಗೆದುಕೊಂಡಿದ್ದಳು. ಗಟ್ಟಿ ಗಂಟಲು, ಗಟ್ಟಿ ಕೈ, ಯಾರಿಗೂ ಸೊಪ್ಪು ಹಾಕದ ಹೆಂಗಸು. ನಾನು ಮೇಸ್ತ್ರಮ್ಮ ಎನ್ನುತ್ತಿದ್ದೆ. ತಂಡದವರು ಮಾತ್ರ ಎದುರಿಗೆ ಅಕ್ಕ ಎಂದು, ಹಿಂದೆ ಮೇಸ್ತ್ರಿ ಹೆಂಡ್ತಿ ಎಂದು ಕರೆಯುತ್ತಿದ್ದರು. ಅದರಲ್ಲೂ ಬಿಳಿ ಮೀಸೆಯ ಗಾರೆ ಕೆಲಸದವನೊಬ್ಬ ಇದ್ದ. ಅವನು ಒಪ್ಪಿದರೆ ಮಿಕ್ಕವರೆಲ್ಲ ಒಪ್ಪಿದಂತೆ, ಅವನಿನ್ನೂ ಒಪ್ಪಿರಲಿಲ್ಲ. ತುರುವೇಕೆರೆಯ ಇನ್ನೊಬ್ಬ ಮೇಸ್ತ್ರಿ ಈ ತಂಡದ ಮೇಲೆ ಕಣ್ಣಿಟ್ಟು ಕಾಯುತ್ತಿದ್ದಾನೆಂದು ಸೈಟಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಈಕೆ ತಾನೇ ಮುಂದೆ ನಿಂತು ಹಾಕಿಸುವ ಮೊದಲ ಮೋಲ್ಡು ನಮ್ಮದು.

ಮೋಲ್ಡಿಗೆ ವಾರವಿದ್ದಾಗ ಆಕೆ ಆಫೀಸಿನ ಬಾಗಿಲಲ್ಲಿ ನಿಂತು ಕೇಳಿದಳು: "ಸಾರ್, ಬಾಡು ಐತೆ ತಾನೇ? ನಾನು ನಮ್ಮೋರಿಗೆ ಮಾತು ಕೊಡಬೇಕು."

"ಕೊಡಿ ಮೇಸ್ತ್ರಮ್ಮ, ಧಾರಾಳವಾಗಿ ಕೊಡಿ. ಬಾಡೂಟ ಇದೆ," ಎಂದೆ. ಆಗಲೂ ಎದೆ ಮುಟ್ಟಿಕೊಂಡೆ.

"ಯಜಮಾನ್ರು?"

"ಅದು ನನಗೆ ಬಿಡಿ."

ನನ್ನ ತಲೆಯಲ್ಲಿ ಒಂದು ಯೋಜನೆ ಇತ್ತು. ನಾಲೆ ಆಚೆ ಒಂದು ಹುಣಸೆ ತೋಪಿದೆ, ಊರಿಗೆ ಕಾಣುವುದಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ಗುಟ್ಟಾಗಿ ಅಲ್ಲಿ ಊಟ. ಒಬ್ಬ ಅಡುಗೆಯವನಿಗೆ ಹೇಳಿಯೂ ಇಟ್ಟೆ. ಯಜಮಾನರಿಗೆ ತಿಳಿಯದಂತೆ ಸಾಗಿಸಿಬಿಟ್ಟರೆ ಇಬ್ಬರ ಮಾತೂ ಉಳಿಯಿತು, ನಾನು ಜಾಣನಾದೆ. ಯಜಮಾನರನ್ನೇ ಒಂದು ಮಾತು ಕೇಳಬಹುದು ಎಂಬುದು ಮಾತಿನ ಕಲೆಯಲ್ಲಿ ಮೊದಲ ಬಹುಮಾನ ಪಡೆದ ಈ ತಲೆಗೆ ಹೊಳೆಯಲಿಲ್ಲ. ವಿಭೂತಿ ಹಚ್ಚಿದವರ ಮುಂದೆ ಬಾಡು ಎಂಬ ಶಬ್ದವನ್ನೇ ಎತ್ತಬಾರದು ಎಂದು ನಮ್ಮನೆಯಲ್ಲಿ ಚಿಕ್ಕಂದಿನಿಂದ ತಿದ್ದಿ ಬೆಳೆಸಿದ್ದರು.

ಮೋಲ್ಡಿನ ಹಿಂದಿನ ದಿನ ಯಜಮಾನರೇ ಸೈಟಿಗೆ ಬಂದರು. ಮುಖ ಅರಳಿತ್ತು.

"ಮ್ಯಾನೇಜ್ರೇ, ನಾಳೆ ಎಲ್ಲರಿಗೂ ಊಟ ನಮ್ಮದು. ಹೋಳಿಗೆ ಊಟ. ಅಡುಗೆಯೋರು ಬೆಳಿಗ್ಗೇನೇ ಬತ್ತಾರೆ, ಇಲ್ಲೇ ಒಲೆ ಹೂಡ್ತಾರೆ. ಬೇರೆ ಏನಾದ್ರೂ ಏರ್ಪಾಡು ಮಾಡಿದ್ದೀಯಾ?"

ಇದೋ ಬಾಗಿಲು ತೆರೆದಿದ್ದೇನೆ, ಬಾರಪ್ಪಾ ಒಳಗೆ ಎಂದು ಕರೆದ ಹಾಗಿತ್ತು ಆ ಪ್ರಶ್ನೆ. ನಾನು ಏನು ಹೇಳಿದೆ? "ಏನೂ ಇಲ್ಲ ಯಜಮಾನ್ರೇ, ಬಹಳ ಸಂತೋಷ," ಎಂದೆ. ಅವರು ಅತ್ತ ಹೋದರು, ನಾನು ಇತ್ತ ಅಡುಗೆಯವನಿಗೆ ಫೋನು ಮಾಡಿ ಬೇಡವೆಂದೆ. ಹೊಟ್ಟೆ ತುಂಬ ತುಪ್ಪದ ಹೋಳಿಗೆ ಬಿದ್ದರೆ ಬಾಡನ್ನು ಯಾರು ನೆನೆಸಿಕೊಳ್ಳುತ್ತಾರೆ ಎಂದು ನನ್ನ ಲೆಕ್ಕಾಚಾರ. ಮೇಸ್ತ್ರಮ್ಮನಿಗೆ ಹೇಳಬೇಕಿತ್ತು. ಸಿಹಿ ಸುದ್ದಿಯನ್ನು ಸರಿಯಾದ ಸಮಯ ನೋಡಿ ಹೇಳೋಣ ಎಂದು ಸುಮ್ಮನಾದೆ.

ಮಾರನೆಯ ದಿನ ಕಾಂಕ್ರೀಟು ಕಲಸುವ ಮಿಲ್ಲರ್ ಮಷೀನಿಗೆ ಪೂಜೆ ಮಾಡಿ, ಯಜಮಾನರ ತೋಟದ್ದೇ ಕಾಯಿ ಒಡೆದು, ಕೆಲಸ ಶುರುವಾಯಿತು. ಮಿಲ್ಲರು ಗಡಗಡ ತಿರುಗಿ ಕಾಂಕ್ರೀಟು ಸುರಿಯುತ್ತಿತ್ತು. ಅದನ್ನು ಬಾಂಡ್ಲಿಗೆ ತುಂಬಿ, ಗಳ ಕಟ್ಟಿದ ಸಾರುವೆಯುದ್ದಕ್ಕೂ ನಿಂತಿದ್ದವರು ಕೈಯಿಂದ ಕೈಗೆ ಮೇಲಕ್ಕೆ ಸಾಗಿಸುತ್ತಿದ್ದರು. ಮೇಸ್ತ್ರಮ್ಮ ಮೇಲೆ ನಿಂತು ಕೂಗುತ್ತಿದ್ದಳು. ಆಕೆಯ ಕೂಗಿಗೆ ಸಾಲು ಒಂದೇ ಸಮ ಆಡುತ್ತಿತ್ತು. ನಾನು ಕೆಳಗೆ, ಕಂಪನಿಯವರು ತುಮಕೂರಿನಲ್ಲಿ ಕೊಟ್ಟ ಟೀ ಶರ್ಟು ಹಾಕಿಕೊಂಡು, ಕೈ ಹಿಂದಕ್ಕೆ ಕಟ್ಟಿಕೊಂಡು ನಾಯಕತ್ವ ಮಾಡುತ್ತಿದ್ದೆ.

ಅರ್ಧ ತಾರಸಿ ಆಗಿರಬೇಕು, ಗಾಳಿ ತಿರುಗಿತು. ಸೈಟಿನ ಮೂಲೆಯ ಕೊಪ್ಪರಿಗೆಯಿಂದ ಬೇಳೆ ಬೆಲ್ಲ ಬೇಯುವ ವಾಸನೆ ಘಮ್ಮೆಂದು ಸಾರುವೆ ಹತ್ತಿ ಮೇಲಕ್ಕೆ ಹೋಯಿತು. ಸಿಹಿ ಸುದ್ದಿಯನ್ನು ಹೇಳುವ ಕಷ್ಟ ನನಗೆ ತಪ್ಪಿತು.

ಮೀಸೆಯವನು ಕರಣೆಯನ್ನು ಕೆಳಗಿಟ್ಟ. "ಏನಕ್ಕಾ, ಹೂರಣ ಬೇಯ್ತಾ ಐತೆ? ಬಾಡು ಅಂದಿದ್ದೆ ನೀನು?"

ಆಕೆ ನನ್ನತ್ತ ನೋಡಿದಳು. ನಾನು ಆಕಾಶ ನೋಡಿದೆ.

"ಹೋಳಿಗೆ ತಿಂದು ಮೋಲ್ಡ್ ಹಾಕಿದ್ದು ನಮ್ಮಪ್ಪನ ಕಾಲದಲ್ಲೂ ಇಲ್ಲ ಕಣ್ಲಾ," ಎಂದು ಅವನು ಪಕ್ಕದವನಿಗೆ ಹೇಳಿದ, ಎಲ್ಲರಿಗೂ ಕೇಳುವ ಹಾಗೆ. "ತುರುವೇಕೆರೆ ಮೇಸ್ತ್ರಿ ಆಗಿದ್ರೆ ಮೊದ್ಲು ಮರಿ ಬತ್ತಿತ್ತು, ಆಮೇಲೆ ಸಿಮೆಂಟು. ಹೆಂಗಸು ಮಾತು ಅಂತ ನಂಬ್ಕಂಡು ಬಂದ್ವಿ ನೋಡು." ಬೀಡಿ ಹಚ್ಚಿ ಕೂತೇಬಿಟ್ಟ. ಸಾಲಿನಲ್ಲಿ ಬಾಂಡ್ಲಿಗಳು ಒಂದೊಂದಾಗಿ ನಿಂತವು. ಮಿಲ್ಲರು ಮಾತ್ರ ಏನೂ ಆಗದವರ ಹಾಗೆ ತಿರುಗುತ್ತಲೇ ಇತ್ತು.

ಮೇಸ್ತ್ರಮ್ಮ ಇಳಿದು ಬಂದಳು. ಎಲ್ಲರ ಮುಂದೆ ಬೈಯಬಹುದಿತ್ತು, ಬೈಯಲಿಲ್ಲ. ನೀರಿನ ಡ್ರಮ್ಮಿನ ಹಿಂದಕ್ಕೆ ಕರೆದಳು.

"ಏನ್ ಸಾರ್ ಇದು?"

ಎದುರಿನವರ ಸಿಟ್ಟನ್ನು ಮೊದಲು ಅವರದೇ ಮಾತಿನಲ್ಲಿ ತಿರುಗಿಸಿ ಹೇಳಬೇಕು ಎಂದು ಕಲಿಸಿದ್ದರಲ್ಲ, ಅದನ್ನೇ ಪ್ರಯೋಗಿಸಿದೆ. "ಅಂದ್ರೆ ಮೇಸ್ತ್ರಮ್ಮ, ನಿಮಗೆ ಬೇಸರ ಆಗಿದೆ ಅಂತ ನಾನು ಅರ್ಥ ಮಾಡ್ಕೊಂಡಿದೀನಿ."

"ಬೇಸರ ಅಲ್ಲ ಸಾರ್. ಈ ಬಾಂಡ್ಲಿ ತಂದು ನಿಮ್ಮ ತಲೆ ಮೇಲೆ ಬೋರಲು ಹಾಕನ ಅನ್ನುಸ್ತೈತೆ."

ಹೋಟೆಲಿನ ಆಟದಲ್ಲಿ ಅಕೌಂಟೆಂಟು ಈ ಜಾಗದಲ್ಲಿ ಥ್ಯಾಂಕ್ಸ್ ಹೇಳಿದ್ದ.

ಆಕೆ ದನಿ ತಗ್ಗಿಸಿದಳು. "ನಿಮ್ಮ ಮಾತು ನಂಬಿ ನಾನು ಅವರಿಗೆ ಮಾತು ಕೊಟ್ಟೆ. ನಿಮಗೆ ಇದೊಂದು ಕೆಟ್ರೆ ಕಂಪನಿ ಇನ್ನೊಂದು ಕಡೆ ಹಾಕ್ತದೆ. ಇವರು ಇವತ್ತು ನನ್ನ ಬಿಟ್ಟು ಹೋದ್ರೆ ಇನ್ಯಾರು ಬತ್ತಾರೆ ನನ್ನ ಹಿಂದೆ? ಮನೇಲಿ ಮಲಗಿರೋನಿಗೆ ಹೋಗಿ ಏನು ಹೇಳ್ಲಿ?" ಹೇಳುತ್ತ ಹೇಳುತ್ತ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರು ಒರೆಸಿಕೊಂಡಳೆಂದು ನಾನು ನಂಬಿದೆ, ನಂಬದಿದ್ದರೆ ಅಲ್ಲಿ ನಿಲ್ಲಲು ಆಗುತ್ತಿರಲಿಲ್ಲ.

ನನಗೆ ನಾಚಿಕೆಯಾಯಿತು. ಸ್ಟೋರಿಗೆ ವಾಪಸು ಹೋಗುವ ಭಯಕ್ಕಿಂತ ಆ ನಾಚಿಕೆಯೇ ದೊಡ್ಡದಾಗಿತ್ತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಾನು ಒಂದೇ ಏಟಿಗೆ ಊಟ, ಮಾತು ಎರಡನ್ನೂ ಕೆಡಿಸಿದ್ದೆ.

ನೇರ ಕೊಪ್ಪರಿಗೆಯ ಹತ್ತಿರ ಹೋದೆ. ಯಜಮಾನರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೆಲ್ಲ ಕರಗುವುದನ್ನು ನೋಡುತ್ತಿದ್ದರು. ಎದೆ ಮುಟ್ಟಿಕೊಳ್ಳಲು ಹೋಗಲಿಲ್ಲ. ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡೆ.

"ಯಜಮಾನ್ರೇ, ಕೆಲಸದವರಿಗೆ ಬಾಡೂಟ ಅಂತ ಮಾತು ಕೊಟ್ಟಿದ್ದೆ. ನಿಮಗೆ ಹೇಳೋಕೆ ಹೆದರಿಕೆ ಆಯ್ತು. ಅವರಿಗೂ ಹೇಳ್ಲಿಲ್ಲ. ಈಗ ಕೆಲಸ ನಿಂತದೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮುಖ ಬಿಗಿಯಿತು. ಆಯಿತು, ಇನ್ನು ನನ್ನ ಸೈಟೂ ಹೋಯಿತು ಎಂದುಕೊಂಡೆ.

"ಅಲ್ಲಯ್ಯಾ, ನೀನು ಯಾವ ಸೀಮೆಯೋನು?"

"ಹಂದನಕೆರೆ ಕಡೆ."

"ಮತ್ತೆ? ನಮ್ಮ ತೋಟದಲ್ಲಿ ಕಾಯಿ ಕೀಳೋರು, ಸುಲಿಯೋರು ಎಲ್ಲಾ ಏನು, ಹೋಳಿಗೆ ತಿಂದ್ಕಂಡು ಹೋಗ್ತಾರಾ? ವರ್ಷಾ ವರ್ಷಾ ಕೊನೇ ದಿನ ನಾಲೆ ಆಚೆ ಹುಣಸೆ ತೋಪಲ್ಲಿ ಒಲೆ ಹೂಡ್ತಾರೆ. ಮಸಾಲೆಗೆ ಕಾಯಿ ನಾನೇ ಕಳುಸ್ತೀನಿ. ಆ ಕಡೆ ಹೋಗಲ್ಲ, ಅಷ್ಟೇ. ನನ್ನ ಜಾಗದಲ್ಲಿ ಬೇಡ ಅಂದೆ, ಅವರ ಬಾಯಿಗೆ ಬೇಡ ಅಂದ್ನಾ?"

ನಾನು ಗುಟ್ಟಿನ ಜಾಗವೆಂದು ಹುಡುಕಿ ಇಟ್ಟುಕೊಂಡಿದ್ದ ತೋಪೇ ಅದು. ಊರಿನ ಗುಟ್ಟೆಲ್ಲ ಅಲ್ಲೇ ಬೇಯುತ್ತಿತ್ತು, ಬೇಯುವುದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿರಬೇಕಿತ್ತು. ನಮ್ಮೂರಿನಲ್ಲೂ ಹಿರಿಯರು ಹೀಗೆಯೇ ಒಂದು ದಿಕ್ಕಿಗೆ ಹೋಗದೆ ಇರುತ್ತಿದ್ದರು.

"ನಿಮ್ಮ ಕಾಯಿ ಬಾಡಿನ ಸಾರಿಗೆ ಹಾಕ್ತಾರೆ ಅಂತ..." ಎಂದು ತೊದಲಿದೆ.

"ಕಾಯಿಗೇನು ಗೊತ್ತು ತಾನು ಯಾವ ಸಾರಿಗೆ ಬೀಳ್ತೀನಿ ಅಂತ? ಹೋಗು, ಮೊದ್ಲು ಮೋಲ್ಡ್ ನೋಡು. ಸೋರೋ ಭವನ ಕಟ್ಕೊಟ್ರೆ ಆಗ ನಾನು ಬೈತೀನಿ." ತಮ್ಮ ತೋಟದ ಆಳಿಗೆ ಅಲ್ಲಿಂದಲೇ ಫೋನು ಮಾಡಿ ತೋಪಿನಲ್ಲಿ ಒಲೆ ಹೂಡಲು ಹೇಳಿದರು.

ಓಡಿಹೋಗಿ ಮೇಸ್ತ್ರಮ್ಮನಿಗೆ ಹೇಳಿದೆ. ಆಕೆ ನಗಲಿಲ್ಲ. "ನಾನು ಹೇಳಿದ್ರೆ ಇವತ್ತು ಯಾರೂ ನಂಬಲ್ಲ. ಮಾತು ತಪ್ಪಿಸ್ದೋರು ನೀವು, ನೀವೇ ಹೋಗಿ ಹೇಳ್ರಿ."

ಸಾರುವೆಯ ಬುಡದಲ್ಲಿ ನಿಂತು "ಸ್ನೇಹಿತರೇ" ಎಂದು ಶುರು ಮಾಡಿದೆ. ಮಿಲ್ಲರಿನ ಗದ್ದಲದಲ್ಲಿ ನನ್ನ ಸ್ನೇಹ ನನಗೇ ಕೇಳಿಸಲಿಲ್ಲ. ಮಿಲ್ಲರು ನಿಲ್ಲಿಸಿದರೆ ಒಳಗಿರುವುದು ಗಟ್ಟಿಯಾಗುತ್ತದೆ. ಏನು ಮಾಡುವುದು? ಕೆಳಗಿದ್ದ ತುಂಬಿದ ಬಾಂಡ್ಲಿಯೊಂದನ್ನು ಎತ್ತಿ ಸಾಲಿನ ಮೊದಲ ಹೆಂಗಸಿನ ಕೈಗೆ ಕೊಟ್ಟೆ. ಕೊಡುತ್ತ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ: "ಮೇಸ್ತ್ರಮ್ಮಂದು ತಪ್ಪಿಲ್ಲ, ನಾನು ಹೇಳಿ ಕೆಡಿಸಿದ್ದು. ಸಂಜೆ ತೋಪಲ್ಲಿ ಬಾಡು ಐತೆ, ಯಜಮಾನ್ರೇ ಒಪ್ಪಿದಾರೆ!"

ಆಕೆ ನನ್ನ ಮುಖ ನೋಡಿದಳು. ಕೈಗೆ ಬಂದ ಬಾಂಡ್ಲಿ ಭಾರ, ಹಿಡಿದುಕೊಂಡೇ ನಿಲ್ಲಲು ಆಗುವುದಿಲ್ಲ. ಮೇಲಿನವನಿಗೆ ದಾಟಿಸಿದಳು, ಜೊತೆಗೆ ಮಾತನ್ನೂ ದಾಟಿಸಿದಳು. ಅವನು ಅದರ ಮೇಲಿನವಳಿಗೆ. ನಾನು ಇನ್ನೊಂದು ಬಾಂಡ್ಲಿ ಎತ್ತಿದೆ, ಮತ್ತೆ ಅದನ್ನೇ ಕೂಗಿದೆ. ಇನ್ನೊಂದು, ಮತ್ತೊಂದು. ಟೀ ಶರ್ಟಿನ ಮೇಲೆ ಬರೆದಿದ್ದ ನಾಯಕತ್ವ ಸಿಮೆಂಟಿನಲ್ಲಿ ಮುಚ್ಚಿಹೋಯಿತು. ಯಾರೋ ನಕ್ಕರು. "ಸಾರ್ ಬಾಂಡ್ಲಿ ಎತ್ತೋದು ನೋಡ್ಲಾ," ಎಂದು ಇನ್ಯಾರೋ. ಸಾಲು ನಿಧಾನಕ್ಕೆ ಆಡತೊಡಗಿತು.

ನನ್ನ ಮಾತು ಮೇಲೆ ತಲುಪುವ ಹೊತ್ತಿಗೆ ಚೆನ್ನಾಗಿ ಬೆಳೆದಿತ್ತು. ಮೀಸೆಯವನು ತಾರಸಿಯ ಅಂಚಿಗೆ ಬಂದು ಬಗ್ಗಿ ಕೂಗಿದ: "ಎರಡು ಮರಿ ಅಂತೆ? ತಲೆ ಸಾರೂ ಐತಂತೆ? ದಿಟವಾ ಸಾರ್?"

ಮರಿಯ ಮಾತನ್ನೇ ನಾನು ಎತ್ತಿರಲಿಲ್ಲ. ಮೇಸ್ತ್ರಮ್ಮನ ಮುಖ ನೋಡಿದೆ. ಆಕೆ ಮಿಲ್ಲರಿನ ಕಡೆ ಮುಖ ತಿರುಗಿಸಿದಳು, ನಗು ಬಂದಿತ್ತೋ ಏನೋ. ಇನ್ನೊಂದು ಮಾತು ತಪ್ಪುವ ಧೈರ್ಯ ನನ್ನಲ್ಲಿರಲಿಲ್ಲ.

"ದಿಟ ಕಣಪ್ಪಾ!" ಎಂದೆ.

ಅವನು ಬೀಡಿ ಆರಿಸಿ ಕರಣೆ ಎತ್ತಿಕೊಂಡ. ಮೇಸ್ತ್ರಮ್ಮ ಸಾರುವೆ ಹತ್ತಿ ತನ್ನ ಜಾಗದಲ್ಲಿ ನಿಂತಳು. ಮೊದಲ ಕೂಗು ಸ್ವಲ್ಪ ಒಡೆಯಿತು, ಎರಡನೆಯದು ಗಟ್ಟಿಯಾಗಿತ್ತು.

ಕುರಿಯನ್ನು ಸಾಮಗ್ರಿ ಎಂದು ತೋರಿಸಲು ಕಂಪನಿಯ ಯಾವ ಖಾತೆಯೂ ಒಪ್ಪುವುದಿಲ್ಲ. ಆದ್ದರಿಂದ ಆ ಎರಡು ಮರಿ ನನ್ನ ಜೇಬಿನಿಂದಲೇ ಹೊರಟವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಧ್ಯಾಹ್ನ ಸಾಲಿನವರು ಸರದಿಯ ಮೇಲೆ ಇಳಿದು ಹೋಳಿಗೆ ಊಟವನ್ನೂ ಮಾಡಿದರು. ಬೇಡ ಎಂದವರನ್ನು ನಾನು ಕಾಣೆ. ಎಲ್ಲರಿಗಿಂತ ಮುಂಚೆ ತುಪ್ಪ ಕೇಳಿದವನು ಮೀಸೆಯವನೇ. ಯಜಮಾನರು ಪ್ರತಿಯೊಬ್ಬರ ಎಲೆಯ ಮುಂದೆ ನಿಂತು, "ಹೊಟ್ಟೇಲಿ ಸಂಜೆಗೆ ಜಾಗ ಉಳುಸ್ಕಳ್ರಪ್ಪಾ," ಎಂದು ನಗಿಸಿದರು. ಆಮೇಲೆ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರು. ತಾರಸಿ ಬೆಳಕಿರುವಾಗಲೇ ಮುಗಿಯಿತು. ಎಲ್ಲೂ ಗೆರೆ ಬೀಳಲಿಲ್ಲ. ಎಷ್ಟೋ ಮಳೆಗಾಲ ಕಳೆದಿದೆ, ಇನ್ನೂ ಸೋರಿಲ್ಲ. ನಾನು ಮಾತಾಡಿ ಉಳಿಸಿದ್ದೆಂದು ಅದನ್ನು ಎಲ್ಲೂ ಹೇಳಿಕೊಳ್ಳುವ ಹಾಗಿಲ್ಲ.

ತೋಪಿಗೆ ನಾವು ಹೋಗುವಷ್ಟರಲ್ಲಿ ಒಂದು ಚೀಲ ಕಾಯಿ ಬಂದು ಕೂತಿತ್ತು. ಯಾರು ಕಳಿಸಿದರೆಂದು ಯಾರೂ ಕೇಳಲಿಲ್ಲ. ನನ್ನ ಕೈಗೆ ತುರಿಮಣೆ ಕೊಟ್ಟರು. ಬಾಂಡ್ಲಿ ಎತ್ತಿದ ಕೈ ಏಳುತ್ತಿರಲಿಲ್ಲ. ಆದರೂ ಕೊಡಿ ಎಂದು ಕೂತು ತುರಿದೆ. ತುರಿಯುತ್ತ ತುರಿಯುತ್ತ ಮನಸ್ಸು ಹಗುರವಾಯಿತು.

ಊಟಕ್ಕೆ ಕೂತಾಗ ಬಡಿಸಿದವಳು ಮೇಸ್ತ್ರಮ್ಮ. ನನ್ನ ಮುದ್ದೆಯ ಪಕ್ಕ ಸಾರು ಬಿಟ್ಟು, ಸೌಟನ್ನು ಕೈಯಲ್ಲೇ ಹಿಡಿದುಕೊಂಡು ನಿಂತಳು.

"ಸಾರ್, ಮುಂದಿನ ಸಲ ಊಟದ ಮಾತು ಯಾರ ಹತ್ರ ಆಡಬೇಕಾದ್ರೂ ನಾನೇ ಆಡ್ತೀನಿ. ನೀವು ಸಿಮೆಂಟು ನೋಡ್ಕಳಿ."

"ಆಗಲಿ ಮೇಸ್ತ್ರಮ್ಮ," ಎಂದೆ. ಇನ್ನೂ ಏನೋ ಹೇಳಬೇಕೆನಿಸಿತ್ತು. ಬಾಯಲ್ಲಿ ತುತ್ತಿತ್ತು, ಬದುಕಿದೆ.

ಅಷ್ಟರಲ್ಲಿ ಸಾಲಿನ ತುದಿಯಿಂದ ಮೀಸೆಯವನು ಕೂಗಿದ: "ಮೇಸ್ತ್ರೀ, ನಾಳೆ ಎಷ್ಟು ಹೊತ್ತಿಗೆ ಬರಬೇಕು ನಾವು?"

ಅಕ್ಕ ಎನ್ನಲಿಲ್ಲ. ಅವನ ಬಾಯಲ್ಲಿ ಮೇಸ್ತ್ರಿ ಎಂಬ ಶಬ್ದ ಆಕೆಗೆ ಬಂದದ್ದು ಅವತ್ತೇ ಮೊದಲು. ಸೈಟಿನ ಪ್ರಶ್ನೆ ಎಂದರೆ ಉತ್ತರ ನನ್ನದೇ ಎಂಬ ಅಭ್ಯಾಸದಿಂದ ನಾನು ತುತ್ತು ನುಂಗಿ ಬಾಯಿ ತೆರೆದೆ.

ಆಕೆ ಹಿಂತಿರುಗಿಯೂ ನೋಡದೆ ಸೌಟನ್ನು ನನ್ನ ಕಡೆ ಎತ್ತಿ ಹಿಡಿದಳು. ನಾನು ಬಾಯಿ ಮುಚ್ಚಿದೆ.

"ಏಳು ಗಂಟೆಗೆ ಬರ್ರಿ," ಎಂದಳು ಮೇಸ್ತ್ರಿ.